ಅಬ್ಬಕ್ಕದೇವಿಯೂ ಚೌಟರ ಮನೆಯೂ

ಮೂಡುಬಿದಿರೆಗೆ ಬರುವ ಯಾತ್ರಿಕರು ಮೊದಲು ಅರಸಿಕೊಂಡು ಹೋಗುವುದು ಸಾವಿರ ಕಂಬದ ಬಸದಿಯನ್ನು. 1430ರ ಸುಮಾರಿಗೆ ಎದ್ದು ನಿಂತ ಆ ಶಿಲಾಮಂದಿರದ ಒಂದೊಂದು ಕಂಬವನ್ನೂ ಕಣ್ತುಂಬ ನೋಡಿ, ತೃಪ್ತರಾಗಿ ಹಿಂದಿರುಗುವವರೇ ಬಹಳ. ಅದೇ ಊರಿನಲ್ಲಿ ಇನ್ನೊಂದು ಹಳೆಯ ಕಟ್ಟಡವಿದೆ. ಅದು ಕಲ್ಲಿನದಲ್ಲ, ಮರದ್ದು, ದೇವರದಲ್ಲ, ಮನುಷ್ಯರದು. ಊರವರು ಅದನ್ನು ಚೌಟರ ಅರಮನೆಯೆಂದು ಕರೆಯುತ್ತಾರೆ. ಅರಮನೆಯೆಂಬ ಹೆಸರನ್ನು ಕೇಳಿ ಮೈಸೂರಿನ ಗೋಪುರಗಳನ್ನು ನೆನೆದು ಬಂದವರಿಗೆ ನಿರಾಶೆಯಾದೀತು. ಹಂಚಿನ ಮಾಡು, ತಗ್ಗಿದ ಸೂರು, ಕೆತ್ತನೆಯ ಕಂಬಗಳ ಚಾವಡಿ, ಅದರಾಚೆಗೆ ಜನರು ಬಾಳಿ ಬದುಕುವ ಮನೆ. ಇಷ್ಟೇ ಅದರ ವೈಭವ. ಆದರೂ ಆ ಹೊಸ್ತಿಲ ಬಳಿ ನಿಂತವರ ನಾಲಗೆಯ ಮೇಲೆ ತಾನಾಗಿಯೇ ಬರುವ ಒಂದು ಹೆಸರಿದೆ. ಅದು ಉಳ್ಳಾಲದ ರಾಣಿ ಅಬ್ಬಕ್ಕದೇವಿಯದು.

ಅಬ್ಬಕ್ಕನ ಹೆಸರನ್ನು ಕೇಳದ ಕನ್ನಡಿಗರು ಇಂದು ವಿರಳ. ಪೋರ್ಚುಗೀಸರನ್ನು ಎದುರಿಸಿ ನಿಂತ ವೀರರಾಣಿಯೆಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ಆಕೆ ಹುಟ್ಟಿ ಬೆಳೆದ ಮನೆ ಎಂತಹದು, ಆ ಮನೆತನದ ಕಟ್ಟಳೆ ಏನು, ಒಬ್ಬ ಹೆಣ್ಣು ಮಗಳು ಅಲ್ಲಿ ಸಿಂಹಾಸನವೇರಿದ್ದು ಹೇಗೆ ಎಂಬುದನ್ನು ವಿಚಾರಿಸುವವರು ಕಡಿಮೆ. ಮನೆಯನ್ನು ಅರಿಯದೆ ಆಕೆಯನ್ನು ಅರಿಯುವುದು ಸಾಧ್ಯವಿಲ್ಲವಾದುದರಿಂದ ಅಲ್ಲಿಂದಲೇ ಮೊದಲು ಮಾಡುವುದು ಉಚಿತ.

ತುಳುನಾಡು ಒಬ್ಬನೇ ದೊರೆಯ ನಾಡಾಗಿರಲಿಲ್ಲ. ವಿಜಯನಗರದ ಹಿರಿತನವನ್ನು ಒಪ್ಪಿಕೊಂಡು, ತಮ್ಮ ತಮ್ಮ ಸೀಮೆಗಳಲ್ಲಿ ತಾವೇ ಒಡೆಯರಾಗಿದ್ದ ಜೈನ ಅರಸು ಮನೆತನಗಳು ಅಲ್ಲಿ ಹಲವು. ಬೆಳ್ತಂಗಡಿಯ ಸೀಮೆಯ ಬಂಗಾಡಿಯನ್ನು ಮೂಲನೆಲೆಯಾಗಿ ಪಡೆದು, ನೇತ್ರಾವತಿಯ ತಡಿಯ ನಂದಾವರದಲ್ಲಿಯೂ ಮಂಗಳೂರಿನಲ್ಲಿಯೂ ಆಳಿದವರು ಬಂಗರು. ವೇಣೂರಿನಲ್ಲಿ ಅಜಿಲರು, 1604ರಲ್ಲಿ ಅಲ್ಲಿಯ ಗೊಮ್ಮಟನನ್ನು ನಿಲ್ಲಿಸಿದವರು ಅವರೇ. ಕಾರ್ಕಳದಲ್ಲಿ ಭೈರರಸರು. ಉಳ್ಳಾಲ, ಪುತ್ತಿಗೆ, ಮೂಡುಬಿದಿರೆಗಳಲ್ಲಿ ಚೌಟರು. ಇವರೆಲ್ಲ ಒಬ್ಬರಿಗೊಬ್ಬರು ನೆರೆಯವರು, ನೆಂಟರು, ಸಮಯ ಬಂದರೆ ಶತ್ರುಗಳು.

ಈ ಮನೆತನಗಳ ಬೆನ್ನೆಲುಬು ಅಳಿಯಕಟ್ಟು. ಇಲ್ಲಿ ಹಕ್ಕು ತಂದೆಯಿಂದ ಮಗನಿಗೆ ಇಳಿಯುವುದಿಲ್ಲ. ತಾಯಿಯ ಕಡೆಯಿಂದ, ಸೋದರಮಾವನಿಂದ ಅಳಿಯನಿಗೆ, ಅಳಿಯನಿಲ್ಲದೆಡೆ ಸೊಸೆಗೆ ಇಳಿಯುತ್ತದೆ. ಮನೆ ಹೆಣ್ಣಿನದು. ಮದುವೆಯಾದ ಮಾತ್ರಕ್ಕೆ ಆಕೆ ತನ್ನ ಮನೆಯನ್ನು ಬಿಟ್ಟು ಗಂಡನ ಮನೆಯ ಸೊತ್ತಾಗುವುದಿಲ್ಲ. ಆಕೆಯ ಮಕ್ಕಳು ಆಕೆಯ ಕುಟುಂಬದವರು. ಚೌಟರ ಮನೆಯಲ್ಲಿ ಅಬ್ಬಕ್ಕನು ಸಿಂಹಾಸನವನ್ನೇರಿದ್ದು ಪುರುಷರ ಅನುಗ್ರಹದಿಂದಲ್ಲ, ಗಂಡಸರು ಇಲ್ಲದ ಆಪತ್ಕಾಲದ ವಿನಾಯಿತಿಯಿಂದಲೂ ಅಲ್ಲ. ಹುಟ್ಟಿನಿಂದ ಬಂದ ಹಕ್ಕಿನಿಂದ. ಸೋದರಮಾವ ತಿರುಮಲರಾಯನು ಆಕೆಯನ್ನು ಆಳ್ವಿಕೆಗೆ ಅಣಿಗೊಳಿಸಿದನೆಂದು ಪರಂಪರೆ ಹೇಳುತ್ತದೆ. ಈ ಕಟ್ಟಳೆಯನ್ನು ಮರೆತರೆ ಮುಂದಿನ ಕಥೆಯ ಅರ್ಧ ಸ್ವಾರಸ್ಯ ಕೆಡುತ್ತದೆ.

ಹದಿನಾರನೆಯ ಶತಮಾನದಲ್ಲಿ ಕರಾವಳಿಯ ಸಂಪತ್ತೆಂದರೆ ಅಕ್ಕಿ ಮತ್ತು ಮೆಣಸು. ಗದ್ದೆಗಳಲ್ಲಿ ಬೆಳೆದ ಅಕ್ಕಿ ಮಂಗಳೂರು, ಉಳ್ಳಾಲ, ಬಸರೂರುಗಳ ಬಂದರುಗಳಿಂದ ಹೊರನಾಡುಗಳಿಗೆ ಹೋಗುತ್ತಿತ್ತು. ಘಟ್ಟದ ಮೆಣಸು ಅರಬರ ಹಡಗುಗಳನ್ನೇರಿ ಪಶ್ಚಿಮಕ್ಕೆ ಸಾಗುತ್ತಿತ್ತು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಈ ಸಮುದ್ರವೇ ತಮ್ಮದೆಂದು ಸಾರಿದರು. ತಮ್ಮ ರಹದಾರಿಯಿಲ್ಲದೆ ಹೊರಟ ಹಡಗನ್ನು ಹಿಡಿಯುವುದು, ಕರಾವಳಿಯ ಅರಸರಿಂದ ಅಕ್ಕಿಯ ರೂಪದಲ್ಲಿ ಕಪ್ಪ ಕೇಳುವುದು ಅವರ ನೀತಿಯಾಯಿತು. ತನ್ನ ನೆಲದಲ್ಲಿ ಬೆಳೆದ ಅಕ್ಕಿಯನ್ನು ತನ್ನ ಬಂದರಿನಿಂದ ಸಾಗಿಸಲು ಪರರ ಅಪ್ಪಣೆ ಏಕೆ ಬೇಕು? ಉಳ್ಳಾಲದ ರಾಣಿಯ ಹೋರಾಟದ ತಿರುಳೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

ರಾಣಿ ಕಪ್ಪವನ್ನು ನಿಲ್ಲಿಸಿದಳೆಂದು 1555ರಲ್ಲಿ ಡೊಮ್ ಅಲ್ವಾರೊ ದ ಸಿಲ್ವೇರನ ನೇತೃತ್ವದಲ್ಲಿ ನೌಕಾಬಲವೊಂದು ಬಂದಿತು. ಕರಾವಳಿ ಹಾನಿಗೊಳಗಾಯಿತು, ಕೊನೆಗೆ ಸಂಧಿಯಾಯಿತು. ಆದರೆ ಆ ಸಂಧಿ ಬಾಳಲಿಲ್ಲ. 1568ರ ಜನವರಿಯಲ್ಲಿ ಗೋವೆಯ ವೈಸರಾಯ್ ಡೊಮ್ ಅಂತಾಂವ್ ದ ನೊರೋನ್ಯನು ತಾನೇ ದಂಡೆತ್ತಿ ಬಂದನು. ಉಳ್ಳಾಲವು ಬೆಂಕಿಗೆ ಆಹುತಿಯಾಯಿತು. ನೇತ್ರಾವತಿಯ ಆಚೆ ದಡದ ಮಂಗಳೂರಿನಲ್ಲಿ ಅವರು ಸಂತ ಸೆಬಾಸ್ಟಿಯನ್ನನ ಹೆಸರಿನಲ್ಲಿ ಕೋಟೆಯನ್ನು ಕಟ್ಟಲಾರಂಭಿಸಿದರು. ರಾಣಿ ಒಳನಾಡಿಗೆ ಸರಿದಳು. ಊರು ಸುಟ್ಟಿತ್ತು, ಶತ್ರುವಿನ ಕೋಟೆ ಕಣ್ಣೆದುರು ಏಳುತ್ತಿತ್ತು. ಸೋತೆನೆಂದು ಒಪ್ಪಿಕೊಳ್ಳಲು ಅದಕ್ಕಿಂತ ಹೆಚ್ಚಿನ ಕಾರಣ ಬೇಕಿರಲಿಲ್ಲ. ಆಕೆ ಒಪ್ಪಿಕೊಳ್ಳಲಿಲ್ಲ.

1570ರಲ್ಲಿ ಬಿಜಾಪುರದ ಆದಿಲಶಾಹನು ಗೋವೆಯನ್ನೂ ಅಹಮದನಗರದ ನಿಜಾಮಶಾಹನು ಚೌಲನ್ನೂ ಮುತ್ತಿದರು. ಕಲ್ಲಿಕೋಟೆಯ ಸಾಮೂದಿರಿಯೂ ಆ ಕೂಟದಲ್ಲಿ ಸೇರಿದನು. ಆ ಸಂದರ್ಭವನ್ನು ಉಳ್ಳಾಲದ ರಾಣಿ ಬಿಡಲಿಲ್ಲ. ಸಾಮೂದಿರಿಯ ಕಡೆಯ ನಾವಿಕವೀರ ಕುಟ್ಟಿ ಪೋಕರನು ಆಕೆಯ ಕೋರಿಕೆಯಂತೆ ಮಂಗಳೂರಿನ ಕೋಟೆಯ ಮೇಲೆ ರಾತ್ರಿಯಲ್ಲಿ ಎರಗಿದನೆಂದೂ, ಹಿಂದಿರುಗುವಾಗ ಪೋರ್ಚುಗೀಸರ ಹಡಗುಗಳಿಗೆ ಸಿಕ್ಕಿ ಮಡಿದನೆಂದೂ ಶತ್ರುಪಕ್ಷದ ಚರಿತ್ರಕಾರರೇ ಬರೆದಿದ್ದಾರೆ. ಜೈನ ರಾಣಿಯೊಬ್ಬಳು ಮುಸಲ್ಮಾನ ನಾವಿಕನನ್ನು ನೆಚ್ಚಿ, ಆತನು ಆಕೆಗಾಗಿ ಪ್ರಾಣವನ್ನೊಪ್ಪಿಸಿದ ಈ ಸಂಗತಿ ಅಬ್ಬಕ್ಕನ ಬಾಳಿನ ಮಹತ್ತ್ವದ ಘಟನೆಗಳಲ್ಲಿ ಒಂದು. ಆಕೆಯ ಸೈನ್ಯದಲ್ಲಿ ಮೊಗವೀರರೂ ಬಿಲ್ಲವರೂ ಮಾಪಿಳ್ಳೆಗಳೂ ಹೆಗಲೆಣೆಯಾಗಿ ನಿಂತರೆಂದು ಕರಾವಳಿಯ ಜನ ಇಂದಿಗೂ ನೆನೆಯುತ್ತಾರೆ.

ಜನಪದದ ಅಬ್ಬಕ್ಕನು ಇದಕ್ಕಿಂತಲೂ ದೊಡ್ಡವಳು. ಉಳ್ಳಾಲ ಬಿದ್ದ ರಾತ್ರಿ ಆಕೆ ಮಸೀದಿಯೊಂದರಲ್ಲಿ ಆಶ್ರಯ ಪಡೆದು, ಬೆಳಗಾಗುವ ಮೊದಲೇ ಇನ್ನೂರು ಮಂದಿಯನ್ನು ಕೂಡಿಸಿಕೊಂಡು ಶತ್ರುವಿನ ಮೇಲೆ ಬಿದ್ದಳು. ಉರಿಯುವ ಬಾಣಗಳನ್ನೂ ತೆಂಗಿನ ಗರಿಯ ಸೂಟೆಗಳನ್ನೂ ಎಸೆದು ಹಡಗುಗಳನ್ನು ಸುಟ್ಟಳು. ಬಂಗರ ಮನೆತನದ ಲಕ್ಷ್ಮಪ್ಪರಸನನ್ನು ಮದುವೆಯಾಗಿ, ವಿರಸ ಬಂದಾಗ ಅವನು ಕೊಟ್ಟ ಒಡವೆಗಳನ್ನು ಅವನಿಗೇ ಹಿಂದಿರುಗಿಸಿ ತನ್ನ ಮನೆಯಲ್ಲಿ ನಿಂತಳು. ಆ ಸೇಡಿಗೆ ಅವನು ಪರಂಗಿಗಳ ಪಕ್ಷ ಸೇರಿದನು. ಕೊನೆಗೆ ಸೆರೆಸಿಕ್ಕರೂ ಸೆರೆಯಲ್ಲಿಯೇ ದಂಗೆಯೆದ್ದು ಕಾದಾಡಿ ಮಡಿದಳು. ಇದು ನಾಟಕಗಳಲ್ಲಿಯೂ ಯಕ್ಷಗಾನದ ರಂಗಸ್ಥಳದಲ್ಲಿಯೂ ನಾವು ಕಂಡ ಅಬ್ಬಕ್ಕ.

ಇನ್ನು ಬೇರೊಂದು ದಿಕ್ಕಿನಿಂದ ಬಂದ ಸಾಕ್ಷ್ಯವನ್ನು ನೋಡಬೇಕು. ರೋಮ್ ನಗರದ ಶ್ರೀಮಂತ ಪಿಯೆತ್ರೊ ದೆಲ್ಲ ವಾಲೆ 1614ರಲ್ಲಿ ದೇಶ ಬಿಟ್ಟು ತುರ್ಕಿ, ಪರ್ಷಿಯಾಗಳನ್ನು ಸುತ್ತಿ 1623ರಲ್ಲಿ ಹಿಂದೂಸ್ಥಾನಕ್ಕೆ ಬಂದನು. ದಾರಿಯಲ್ಲಿ ತೀರಿಕೊಂಡ ಹೆಂಡತಿಯ ಶವವನ್ನು ಪೆಟ್ಟಿಗೆಯಲ್ಲಿರಿಸಿ ಜೊತೆಯಲ್ಲಿಯೇ ಕೊಂಡೊಯ್ಯುತ್ತಿದ್ದ ವಿಚಿತ್ರ ಪ್ರವಾಸಿ ಆತ. ಗೋವೆಯ ರಾಯಭಾರಿಯೊಡನೆ ಇಕ್ಕೇರಿಗೆ ಹೋಗಿ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡು, ಘಟ್ಟವಿಳಿದು ಮಂಗಳೂರಿಗೆ ಬಂದನು. ಉಳ್ಳಾಲದ ರಾಣಿಯ ಖ್ಯಾತಿ ಅವನ ಕಿವಿಗೆ ಬಿದ್ದಿತ್ತು. ಆಕೆಯನ್ನು ನೋಡಬೇಕೆಂದೇ ಆ ವರ್ಷದ ಡಿಸೆಂಬರಿನಲ್ಲಿ ಒಳನಾಡಿನ ಮಣೇಲಿಗೆ ಪ್ರಯಾಣ ಮಾಡಿದನು.

ಅಲ್ಲಿ ಅವನು ಕಂಡದ್ದು ಸಿಂಹಾಸನವನ್ನಲ್ಲ. ಪೇಟೆಯ ಬೀದಿಯಲ್ಲಿ, ನೀರಿನ ಕಾಲುವೆ ತೋಡುವ ಕೆಲಸವನ್ನು ನೋಡಿಕೊಂಡು ಬರುತ್ತಿದ್ದ ಒಬ್ಬ ಹೆಂಗಸು ಅವನಿಗೆ ಎದುರಾದಳು. ಬರಿಗಾಲು, ಸೊಂಟಕ್ಕೆ ಸುತ್ತಿದ ಬಿಳಿಯ ಹತ್ತಿಬಟ್ಟೆ, ತಲೆ ಹೆಗಲುಗಳ ಮೇಲೆ ಇನ್ನೊಂದು ತೆಳುವಸ್ತ್ರ, ನೆರಳಿಗೆ ತಾಳೆಗರಿಯ ಕೊಡೆ. ಮೈಬಣ್ಣ ಕಪ್ಪು, ಮೈಕಟ್ಟು ತುಂಬಿದ್ದು, ವಯಸ್ಸು ನಾಲ್ವತ್ತರ ಆಸುಪಾಸು. ಆಕೆಯೇ ರಾಣಿಯೆಂದು ತಿಳಿದಾಗ ಪ್ರವಾಸಿ ಬೆರಗಾದನು. ಉಡುಪನ್ನು ನೋಡಿದರೆ ಅಡಿಗೆಮನೆಯ ಆಳಿನಂತೆ ತೋರಿದ ಆಕೆ ಬಾಯಿ ತೆರೆದಾಗ ಮಾತಿನ ಗಾಂಭೀರ್ಯವೂ ಬುದ್ಧಿಯ ಹರಿತವೂ ರಾಣಿಯದೇ ಆಗಿದ್ದವೆಂದು ಅವನು ಮೆಚ್ಚಿ ಬರೆದನು. ದುಭಾಷಿಯ ಮುಖಾಂತರ ಅವನ ಊರು, ಅವನು ಸುತ್ತಿದ ದೇಶಗಳು, ಈ ಕಾಡಿಗೆ ಬಂದ ಕಾರಣ ಎಲ್ಲವನ್ನೂ ವಿಚಾರಿಸಿ, ಅವನಿಗೆ ಬಿಡಾರ ಮಾಡಿಕೊಡಲು ಹೇಳಿ ರಾಣಿ ತನ್ನ ಕೆಲಸಕ್ಕೆ ಹೊರಟುಹೋದಳು.

ಈ ರಾಣಿಯ ಪೂರ್ವಕಥೆಯನ್ನೂ ಆತ ಬರೆದಿಟ್ಟಿದ್ದಾನೆ. ಬಂಗರಸನು ಈಕೆಯ ಗಂಡನಾಗಿದ್ದನು. ಕಟ್ಟಳೆಯಂತೆ ಇಬ್ಬರೂ ತಮ್ಮ ತಮ್ಮ ಸೀಮೆಗಳಲ್ಲಿಯೇ ಇದ್ದರು. ಮುಂದೆ ವಿರಸ ಬಂದಾಗ ರಾಣಿ ಅವನ ಒಡವೆಗಳನ್ನು ಹಿಂದಕ್ಕೆ ಕಳುಹಿಸಿ ಸಂಬಂಧವನ್ನು ಕಡಿದಳು. ನದಿಯಲ್ಲಿ ವಿಹರಿಸುತ್ತಿದ್ದಾಗ ಅವನು ಆಕೆಯನ್ನು ಹಿಡಿಸಿದನು. ಉಪಾಯದಿಂದ ಬಿಡುಗಡೆ ಹೊಂದಿದ ಆಕೆ ಇಕ್ಕೇರಿಯ ವೆಂಕಟಪ್ಪ ನಾಯಕನ ನೆರವನ್ನು ಕೋರಿದಳು. ಬಂಗನು ಪೋರ್ಚುಗೀಸರನ್ನು ಕರೆದನು. ಯುದ್ಧದಲ್ಲಿ ಗೆದ್ದವರು ನಾಯಕನೂ ರಾಣಿಯೂ.

ವಾಚಕರು ಇಲ್ಲಿ ಒಂದು ಲೆಕ್ಕವನ್ನು ಮಾಡಿ ನೋಡಬೇಕು. 1555ರಲ್ಲಿ ಪೋರ್ಚುಗೀಸರಿಗೆ ಕಪ್ಪವನ್ನು ನಿರಾಕರಿಸಿದ ರಾಣಿ 1623ರವರೆಗೆ ಬದುಕಿದ್ದರೆ ಎಂಬತ್ತನ್ನು ದಾಟಿದ ಮುದುಕಿಯಾಗಿರಬೇಕು. ದೆಲ್ಲ ವಾಲೆ ಕಂಡದ್ದು ನಾಲ್ವತ್ತರ ಗಟ್ಟಿ ಹೆಂಗಸನ್ನು. ಇಬ್ಬರೂ ಒಬ್ಬರೇ ಆಗಿರುವುದು ಸಾಧ್ಯವಿಲ್ಲ. ಚೌಟರ ವಂಶಾವಳಿಯನ್ನು ಶೋಧಿಸಿದ ವಿದ್ವಾಂಸರೂ ಅಬ್ಬಕ್ಕ ಎಂಬ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚಿದ್ದರೆಂದೇ ಹೇಳುತ್ತಾರೆ. ಉಳ್ಳಾಲವು ಉರಿದಾಗ ಬೆದರದೆ ನಿಂತವಳು ಹಿರಿಯ ಅಬ್ಬಕ್ಕ. ಗಂಡನ ಒಡವೆಗಳನ್ನು ಹಿಂದಿರುಗಿಸಿ, ನಾಯಕರ ನೆರವಿನಿಂದ ಗೆದ್ದು, ಮಣೇಲಿನಲ್ಲಿ ಕಾಲುವೆ ತೋಡಿಸಿದವಳು ಅದೇ ಮನೆಯ ಮುಂದಿನ ತಲೆಮಾರಿನವಳು. ಜನರ ನೆನಪು ಇಬ್ಬರನ್ನೂ ಕೂಡಿಸಿ ಒಬ್ಬಳನ್ನಾಗಿ ಮಾಡಿಕೊಂಡಿತು.

ಹೀಗೆಂದರೆ ಕೆಲವರು ನೊಂದುಕೊಳ್ಳುತ್ತಾರೆ. ತಮ್ಮ ರಾಣಿಯನ್ನು ಯಾರೋ ಕಿತ್ತುಕೊಂಡಂತೆ ಭಾವಿಸುತ್ತಾರೆ. ಅವರು ಮೂಡುಬಿದಿರೆಯ ಚೌಟರ ಚಾವಡಿಗೆ ಹೋಗಿ ಅಲ್ಲಿಯ ಕಂಬಗಳನ್ನೊಮ್ಮೆ ನೋಡುವುದು ಒಳ್ಳೆಯದು. ಆ ಮನೆಯ ಕೆತ್ತನೆಗಳಲ್ಲಿ ಎರಡು ಬಹು ಪ್ರಸಿದ್ಧ. ಒಂದು ನವನಾರೀಕುಂಜರ. ದೂರದಿಂದ ನೋಡಿದರೆ ಸೊಂಡಿಲೆತ್ತಿದ ಆನೆ. ಹತ್ತಿರ ಹೋದರೆ ಒಬ್ಬರನ್ನೊಬ್ಬರು ಹಿಡಿದು, ಬಾಗಿ, ಹೊತ್ತು ನಿಂತ ಒಂಬತ್ತು ಮಂದಿ ಹೆಂಗಸರು. ಇನ್ನೊಂದು ಪಂಚನಾರೀತುರಗ, ಐದು ಮಂದಿ ಹೆಂಗಸರು ಕೂಡಿ ಆದ ಕುದುರೆ. ಹೆಂಗಸರನ್ನು ಎಣಿಸಿದ ಮಾತ್ರಕ್ಕೆ ಆನೆ ಅಳಿದುಹೋಗುವುದಿಲ್ಲ. ಆನೆಯನ್ನು ಕಂಡವರು ಹೆಂಗಸರನ್ನು ಇಲ್ಲವೆನ್ನಬೇಕಾಗಿಯೂ ಇಲ್ಲ. ಜನರು ಪೂಜಿಸುವ ಅಬ್ಬಕ್ಕದೇವಿಯೂ ಅಂತಹದೇ ಒಂದು ರೂಪ. ಒಬ್ಬಳು ಬಿಟ್ಟ ಕೆಲಸವನ್ನು ಮತ್ತೊಬ್ಬಳು ಹಿಡಿದು, ಎರಡು ಮೂರು ತಲೆಮಾರುಗಳ ಕಾಲ ಒಂದೇ ಮನೆಯ ಹೆಣ್ಣುಮಕ್ಕಳು ಪರಂಗಿಗಳಿಗೆ ತಲೆಬಾಗದೆ ಉಳಿದರೆಂಬುದು ಒಬ್ಬಳೇ ವೀರಳ ಕಥೆಗಿಂತ ಸಣ್ಣದೇನೂ ಅಲ್ಲ.

ರಾಣಿಯರ ಕಾಲದ ತರುವಾಯ ಆ ಮನೆಗೆ ಏನಾಯಿತು? ಕರಾವಳಿಯ ಅರಸರು ಒಬ್ಬೊಬ್ಬರಾಗಿ ಇಕ್ಕೇರಿಯವರ ಅಧೀನರಾದರು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ ಅವರ ಅಳಿದುಳಿದ ಅಧಿಕಾರಕ್ಕೂ ಕುತ್ತು ಬಂದಿತು. 1799ರಲ್ಲಿ ಟಿಪ್ಪು ಮಡಿದು ಕನ್ನಡ ಜಿಲ್ಲೆ ಕುಂಪಣಿಯ ಕೈಸೇರಿತು. ಒಂದು ಕಾಲಕ್ಕೆ ಕಪ್ಪ ಕೊಡೆನೆಂದು ಸಮುದ್ರಕ್ಕೆ ಎದುರಾಗಿ ನಿಂತ ಮನೆತನದವರು ಬ್ರಿಟಿಷ್ ಸರ್ಕಾರದ ಅಲ್ಪ ವಿಶ್ರಾಂತಿವೇತನವನ್ನು ಪಡೆಯುವ ಗೃಹಸ್ಥರಾದರು. ಉಳ್ಳಾಲದ ಅರಮನೆಯೂ ಕೋಟೆಯೂ ಮಣ್ಣುಗೂಡಿದವು. ಮಣೇಲಿನ ಬೀಡೂ ಹೋಯಿತು. ಹದಿನೇಳನೆಯ ಶತಮಾನದ್ದೆಂದು ಎಣಿಸಲಾಗುವ ಮೂಡುಬಿದಿರೆಯ ಮನೆ ಮಾತ್ರ ನಿಂತಿತು.

ಅದು ನಿಂತದ್ದು ಆಶ್ಚರ್ಯವೇ ಸರಿ. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆಯಿದು. ಇಲ್ಲಿ ಮರಕ್ಕೆ ಇಬ್ಬರು ಶತ್ರುಗಳು. ಮೇಲಿನಿಂದ ನೀರು, ಕೆಳಗಿನಿಂದ ಗೆದ್ದಲು. ಒಂದು ಮಳೆಗಾಲ ಮಾಡಿನ ಸೋರುವಿಕೆಯನ್ನು ಅಲಕ್ಷ್ಯ ಮಾಡಿದರೆ ಪಕ್ಕಾಸು ಕೊಳೆಯುತ್ತದೆ; ಪಕ್ಕಾಸು ಕುಸಿದರೆ ತೊಲೆ, ತೊಲೆ ಜಾರಿದರೆ ಕಂಬ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಜಿಲ್ಲೆಯ ಹಳೆಯ ಮನೆಗಳಿಗೆ ಹೊಸ ಆಯುಷ್ಯ ಬಂದಿತು. ಆದರೆ ಹಂಚನ್ನು ಹೊದಿಸಿದರೆ ತೀರಲಿಲ್ಲ. ಒಡೆದ ಹಂಚನ್ನು ಬದಲಿಸಬೇಕು, ಒಲೆಯ ಹೊಗೆ ಆಡಬೇಕು, ಕದಗಳನ್ನು ದಿನವೂ ತೆರೆದು ಗಾಳಿ ಬೆಳಕು ಬಿಡಬೇಕು. ಜನವಾಸವಿಲ್ಲದ ಮರದ ಮನೆ ಬಹುಕಾಲ ಬಾಳುವುದಿಲ್ಲ. ಚೌಟರ ಮನೆ ಉಳಿದದ್ದು ಅಲ್ಲಿ ಮನೆತನದವರು ವಾಸಿಸುತ್ತ, ವರ್ಷ ವರ್ಷವೂ ಅದರ ಯೋಗಕ್ಷೇಮವನ್ನು ನೋಡಿಕೊಂಡದ್ದರಿಂದ.

ಇದಕ್ಕೆಲ್ಲ ಹಣ ಎಲ್ಲಿಂದ ಬರುತ್ತಿತ್ತೆಂಬುದನ್ನೂ ಮರೆಯಲಾಗದು. ತುಳುನಾಡಿನ ಅರಮನೆಗಳೂ ಬೀಡುಗಳೂ ಗುತ್ತಿನ ಮನೆಗಳೂ ಗೇಣಿಯ ಅಕ್ಕಿಯ ಮೇಲೆ ನಿಂತಿದ್ದವು. ಆ ಅಕ್ಕಿಯನ್ನು ಬೆಳೆದವರು ಒಕ್ಕಲುಗಳು; ಅವರಿಗಿಂತಲೂ ಕೆಳಗೆ, ನೆಲದೊಡನೆಯೇ ಕೈಯಿಂದ ಕೈಗೆ ಹೋಗುತ್ತಿದ್ದ ಮೂಲದಾಳುಗಳು. 1801ರಲ್ಲಿ ಈ ಜಿಲ್ಲೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕನನ್ನನು ಮನುಷ್ಯರನ್ನು ಮಾರುವ, ಅಡವಿಡುವ ಪದ್ಧತಿಯನ್ನು ಇಲ್ಲಿ ಕಂಡು ದಾಖಲಿಸಿದನು. 1843ರ ಕಾಯಿದೆಯು ಗುಲಾಮಗಿರಿಗೆ ಕಾನೂನಿನ ಆಸರೆಯನ್ನು ತೆಗೆದುಹಾಕಿದರೂ ಆಚಾರದಲ್ಲಿ ಅದು ಬಹುಕಾಲ ಉಳಿಯಿತು. ಕೆತ್ತನೆಯ ಕಂಬವನ್ನು ಹೊಗಳುವವರು ಆ ಮರವನ್ನು ಕಾಡಿನಿಂದ ಹೊತ್ತು ತಂದ ಹೆಗಲುಗಳನ್ನೂ ನೆನೆಯುವುದು ನ್ಯಾಯ. ರಾಣಿ ಮಣೇಲಿನಲ್ಲಿ ನೋಡಿಕೊಂಡು ಬರುತ್ತಿದ್ದ ಕಾಲುವೆಯನ್ನು ತೋಡಿದ ಕೈಗಳೂ ಅಂತಹವರವೇ. ಅವರಲ್ಲಿ ಒಬ್ಬರ ಹೆಸರೂ ಯಾವ ಪ್ರವಾಸಿಯ ಪುಸ್ತಕದಲ್ಲಿಯೂ ಬರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ವ್ಯವಸ್ಥೆ ಬದಲಾಯಿತು. 1949ರ ಅಳಿಯಸಂತಾನ ಕಾಯಿದೆಯೂ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ ಕೂಡುಮನೆಯ ಹಳೆಯ ಕಟ್ಟಳೆಯನ್ನು ಸಡಿಲಿಸಿದವು. ಭೂಸುಧಾರಣೆಯ ಕಾಯಿದೆ 1974ರಲ್ಲಿ ತಿದ್ದುಪಡಿ ಹೊಂದಿ, ಉಳುವವನೇ ಹೊಲದೊಡೆಯನಾದನು. ಅದು ಆಗಲೇಬೇಕಾಗಿದ್ದ ನ್ಯಾಯ. ಆದರೆ ಗೇಣಿ ನಿಂತ ಮೇಲೆ ದೊಡ್ಡ ಮನೆಗಳ ಮಾಡನ್ನು ಕಟ್ಟಿಸುವವರು ಯಾರು? ಜಿಲ್ಲೆಯಲ್ಲಿ ಎಷ್ಟೋ ಹಳೆಯ ಚಾವಡಿಗಳನ್ನು ಬಿಚ್ಚಿ ಕಂಬಗಳನ್ನು ಮಾರಲಾಯಿತು. ಅವು ಇಂದು ದೂರದ ನಗರಗಳ ಹೋಟೆಲುಗಳಲ್ಲಿಯೂ ಸಿರಿವಂತರ ಬಂಗಲೆಗಳಲ್ಲಿಯೂ ಅಲಂಕಾರಕ್ಕೆ ನಿಂತಿವೆ. ಅನ್ಯಾಯದ ಗೇಣಿ ಹೋದುದಕ್ಕೆ ಯಾರೂ ಅಳಬೇಕಾಗಿಲ್ಲ. ಆದರೆ ಬಡಗಿಯ ಉಳಿ ನುಡಿದ ಆ ಕಲೆ ಮನೆಯೊಡೆಯರದಷ್ಟೇ ಅಲ್ಲ, ನಾಡಿನದು. ಅದನ್ನು ಕಾಯುವ ಹೊಣೆಯನ್ನು ಒಂದು ಕುಟುಂಬದ ತಲೆಯ ಮೇಲೆಯೇ ಹೊರಿಸಿ ಉಳಿದವರು ಸುಮ್ಮನಿರುವುದು ಸರಿಯಲ್ಲ.

ಅಬ್ಬಕ್ಕನ ಹೆಸರಿಗೆ ಇಂದು ಗೌರವದ ಕೊರತೆಯಿಲ್ಲ. ಉಳ್ಳಾಲದಲ್ಲಿ ಆಕೆಯ ಉತ್ಸವ ನಡೆಯುತ್ತದೆ, ಪ್ರತಿಮೆ ನಿಂತಿದೆ. 2012ರಲ್ಲಿ ಭಾರತೀಯ ತಟರಕ್ಷಣಾ ಪಡೆಯ ಗಸ್ತು ನೌಕೆಯೊಂದು ರಾಣಿ ಅಬ್ಬಕ್ಕ ಎಂಬ ಹೆಸರಿನಿಂದ ಸೇವೆಗೆ ಸೇರಿತು. ತನ್ನ ಸಮುದ್ರವನ್ನು ತಾನೇ ಕಾಯಬೇಕೆಂದು ಹೆಣಗಿದವಳಿಗೆ ಇದಕ್ಕಿಂತ ಒಪ್ಪುವ ಸ್ಮಾರಕ ಬೇರೆ ಬೇಡ. 2023ರಲ್ಲಿ ಅಂಚೆ ಇಲಾಖೆಯು ಆಕೆಯ ಸ್ಮರಣೆಗೆ ಚೀಟಿಯನ್ನು ಹೊರಡಿಸಿತು. ಬಂಟ್ವಾಳದಲ್ಲಿ ಆಕೆಯ ಹೆಸರನ್ನು ಹೊತ್ತ ತುಳು ಅಧ್ಯಯನ ಕೇಂದ್ರವು ವಸ್ತುಸಂಗ್ರಹಾಲಯವನ್ನು ನಡೆಸಿಕೊಂಡು ಬಂದಿದೆ. ಅಲ್ಲಿ ಕೂಡಿಟ್ಟಿರುವುದು ತುಳುವರು ದಿನನಿತ್ಯ ಬಳಸಿ ಬಿಟ್ಟ ಮನೆವಾರ್ತೆಯ, ಬೇಸಾಯದ ವಸ್ತುಗಳನ್ನು. ಬರಿಗಾಲಿನಲ್ಲಿ ಕಾಲುವೆಯ ಕೆಲಸ ನೋಡುತ್ತಿದ್ದ ರಾಣಿಯ ಹೆಸರಿನಲ್ಲಿ ಇಂತಹ ಸಂಗ್ರಹವಿರುವುದು ಎಲ್ಲ ರೀತಿಯಿಂದಲೂ ಯೋಗ್ಯ.

ಹಳೆಯ ಮನೆಯನ್ನು ಕಾಯುವವರಿಗೆ ಒಂದು ನಿಯಮ ಗೊತ್ತಿದೆ. ಕೆಟ್ಟ ತೊಲೆಯನ್ನು ಬದಲಿಸಬಹುದು. ಆದರೆ ಎಲ್ಲವನ್ನೂ ಕಿತ್ತು ಹೊಸ ಮರವಿಟ್ಟು, ಬಣ್ಣ ಬಳಿದು, ಇದೇ ಹಳೆಯ ಮನೆಯೆಂದು ತೋರಿಸಬಾರದು. ಮಹಾಪುರುಷರ, ಮಹಾಸ್ತ್ರೀಯರ ನೆನಪಿಗೂ ಇದೇ ನಿಯಮ. ಹಿರಿಯ ಅಬ್ಬಕ್ಕನಿಗೆ ಸಲ್ಲಬೇಕಾದುದನ್ನು ಹಿರಿಯಳಿಗೂ ಕಿರಿಯಳಿಗೆ ಸಲ್ಲಬೇಕಾದುದನ್ನು ಕಿರಿಯಳಿಗೂ ಸಲ್ಲಿಸಿದರೆ ಅವರ ಕೀರ್ತಿ ಕುಂದುವುದಿಲ್ಲ. ಉಳ್ಳಾಲದ ಕೋಟೆಯನ್ನು ಇನ್ನು ಯಾರೂ ಮರಳಿ ತರಲಾರರು. ಮೂಡುಬಿದಿರೆಯ ಚಾವಡಿಯಾದರೋ ಇನ್ನೂ ನಿಂತಿದೆ. ಅದರ ಮೇಲೆ ಈ ವರ್ಷವೂ ಮಳೆ ಸುರಿಯುತ್ತದೆ. ಹಂಚು ಸರಿಯಾಗಿದ್ದರೆ ಒಂಬತ್ತು ಹೆಂಗಸರ ಆ ಆನೆ ಇನ್ನೂ ಹಲವು ತಲೆಮಾರುಗಳ ಕಣ್ಣಿಗೆ ಕಂಡೀತು.